ಕೊಲ್ಲಾಪುರದ ಶಾಹು ಮಹಾರಾಜರ ಚರಿತ್ರೆ

ಹಿಂದುಳಿದ ಜಾತಿಗಳವರಿಗಾಗಿ ಸರಕಾರದ ಉದ್ಯೋಗಗಳಲ್ಲಿ ಪಾಲನ್ನು ತೆಗೆದಿಡುವ ಪದ್ಧತಿಗೆ ಈಗ ಮೀಸಲಾತಿ ಎನ್ನುತ್ತಾರೆ. ನಮ್ಮ ಸೀಮೆಯ ಮಗ್ಗುಲಲ್ಲೇ ಅದನ್ನು ಆಜ್ಞೆಯಾಗಿ ಹೊರಡಿಸಿದ ಅರಸರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಇವರು 1874ನೆಯ ಇಸವಿ ಜೂನ್ 26ನೆಯ ತಾರೀಖಿನಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ, 1884ರಲ್ಲಿ ಕೊಲ್ಲಾಪುರದ ಗಾದಿಗೆ ದತ್ತಕವಾಗಿ ಹೋದರು. 1890ರಿಂದ ನಾಲ್ಕು ವರುಷ ನಮ್ಮ ಧಾರವಾಡದಲ್ಲಿಯೇ ಫ್ರೇಜರ್ ಎಂಬ ಆಂಗ್ಲ ಗುರುವಿನ ಕೈಕೆಳಗೆ ವಿದ್ಯೆ ಕಲಿತರು. ಅದೇ ಊರಿನಲ್ಲಿ 1856ರಲ್ಲಿ ಒಬ್ಬ ಮಹಾರ ಹುಡುಗನನ್ನು ಸರಕಾರಿ ಶಾಲೆಗೆ ಸೇರಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿದ್ದರೆಂಬದನ್ನು ವಾಚಕರು ಜ್ಞಾಪಕದಲ್ಲಿಡಬೇಕು.

1894ರಲ್ಲಿ ಪಟ್ಟವೇರಿದಾಗ ರಾಜ್ಯದ 71 ದೊಡ್ಡ ಉದ್ಯೋಗಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಓದು ಬಲ್ಲವರು ಹೆಚ್ಚಾಗಿ ಅವರೇ ಆಗಿರಲಾಗಿ ಇದರಲ್ಲಿ ಆಶ್ಚರ್ಯವೇನು? ಆದರೆ ಕೆಲವು ವರುಷಗಳ ಮೇಲೆ, ಪಂಚಗಂಗೆಯಲ್ಲಿ ಕಾರ್ತಿಕ ಸ್ನಾನಕ್ಕೆ ಹೋದಾಗ, ಪುರೋಹಿತನು ವೇದಮಂತ್ರಗಳನ್ನು ಬಿಟ್ಟು ಪುರಾಣೋಕ್ತ ಮಂತ್ರಗಳನ್ನೇ ಹೇಳಿದನು. ಅರಸರು ಶೂದ್ರರಾದ್ದರಿಂದ ವೇದೋಕ್ತವು ಅವರಿಗೆ ಸಲ್ಲದೆಂಬದೇ ಕಾರಣವು. ಬೊಕ್ಕಸವೂ ಸಿಂಹಾಸನವೂ ಇದ್ದವರಿಗೇ ಹೀಗಾದರೆ ಊರಾಚೆಯ ಕೇರಿಯವನ ಗತಿ ಏನು! ಜನರು ಹುಟ್ಟಿಗೆ ಹಚ್ಚಿದ ಕೀಳುತನವನ್ನು ಹಣವು ತೊಳೆಯಲಾರದು.

1902ನೆಯ ಇಸವಿ ಜುಲೈ 26ರಂದು, ಏಳನೆಯ ಎಡ್ವರ್ಡರ ಪಟ್ಟಾಭಿಷೇಕದ ನಿಮಿತ್ತ ಅವರು ಇಂಗ್ಲೆಂಡಿನಲ್ಲಿದ್ದಾಗ್ಯೂ, ಆಜ್ಞೆಯು ಪ್ರಕಟವಾಯಿತು. ಮುಂದೆ ತೆರವಾಗುವ ಉದ್ಯೋಗಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಸಲ್ಲಬೇಕು. ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮೊದಲಾದ ಮುಂದುವರಿದವರ ಹೊರತು ಮಿಕ್ಕವರೆಲ್ಲರೂ ಹಿಂದುಳಿದವರು. ಇಲಾಖೆಯ ಮುಖ್ಯಸ್ಥರು ತಾವು ಮಾಡಿದ ನೇಮಕಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು. ರಾಯಬಾಗವು ಆಗ ಕೊಲ್ಲಾಪುರಕ್ಕೆ ಸೇರಿದ್ದರಿಂದ ಕನ್ನಡ ಹಳ್ಳಿಗಳಿಗೂ ಈ ಆಜ್ಞೆ ನಡೆಯಿತು.

ಬಡ ಬ್ರಾಹ್ಮಣನಿಗೆ ಇದರಲ್ಲಿ ಪಾಲಿರಲಿಲ್ಲ, ಸಿರಿವಂತ ಮರಾಠನಿಗೆ ಇತ್ತು. ಇದು ಕೊರತೆಯೆಂಬದನ್ನು ನಾವು ಒಪ್ಪುತ್ತೇವೆ. ಮೀಸಲಾತಿ ಇಲ್ಲದ ಜಾತಿಗಳ ಬಡವರಿಗೆ ನೂರಕ್ಕೆ 10ರ ಪಾಲು 2019ರಲ್ಲಿ ದೊರೆಯಿತು. ಆದರೆ ಬಡತನವೊಂದನ್ನೇ ಅಳತೆಗೋಲು ಮಾಡಬೇಕೆನ್ನುವವರು ನಮ್ಮ ಸಭೆಗಳ ಕಡೆಗೆ ನೋಡಲಿ. 1950ರ ಆಜ್ಞೆಯ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನೆಂದು ಎಣಿಸಲ್ಪಡುವದಿಲ್ಲ. ಕರ್ನಾಟಕ ಸರಕಾರವು ಅಂಥವನನ್ನು ಪ್ರವರ್ಗ 1ರಲ್ಲಿ ಸೇರಿಸಿದೆ. ಊರ ಜನರಾದರೋ ಅವನ ಅಜ್ಜನ ಕೇರಿಯನ್ನು ಮರೆಯುವದಿಲ್ಲ. ಅವನ ಮನೆಗೆ ಹಂಚು ಹೊದಿಸಿದರೂ ಮರೆಯುವದಿಲ್ಲ.

ಓದಿದವನೇ ಇಲ್ಲದಿದ್ದರೆ ತೆಗೆದಿಟ್ಟ ಉದ್ಯೋಗದಿಂದ ಪ್ರಯೋಜನವೇನು? ಇದನ್ನರಿತು ಮಹಾರಾಜರು ಹಳ್ಳಿಯ ಹುಡುಗರು ಉಂಡು ಓದುವದಕ್ಕಾಗಿ 1901ರಿಂದ ವಸತಿಗೃಹಗಳನ್ನು ಸ್ಥಾಪಿಸುತ್ತ ಬಂದರು: ಮರಾಠರಿಗೆ, ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರಿಗೆ, ಆಮೇಲೆ ಕ್ರೈಸ್ತರಿಗೆ ಸಹ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಯೂ ಧರ್ಮಾರ್ಥವಾಗಿಯೂ ಮಾಡಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಎಲ್ಲ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂಡ್ರಿಸಿದರು. ನೀರು ಮುಟ್ಟಿದ್ದಕ್ಕಾಗಿ ಪೆಟ್ಟು ತಿಂದ ಗಂಗಾರಾಮ ಕಾಂಬಳೆ ಎಂಬ ಲಾಯದ ಸೇವಕನು ಚಹದ ಅಂಗಡಿ ಇಟ್ಟಾಗ ಯಾರೂ ಬಾರದಿರಲು, ಅರಸರು ತಾವೇ ಅಲ್ಲಿ ಸಾರೋಟು ನಿಲ್ಲಿಸಿ, ಎಲ್ಲರೂ ನೋಡುತ್ತಿರಲಾಗಿ ಚಹ ಕುಡಿದರು.

ಫ್ರೇಜರ್ ಗುರುವು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ವಿದ್ಯೆ ಹೇಳಿದನು. ಆ ಅರಸರೂ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಇದೇ ದಾರಿಯನ್ನು ಹಿಡಿದರು.

1920ರ ಜುಲೈ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕೂಡಿದ ಬ್ರಾಹ್ಮಣೇತರರ ಪರಿಷತ್ತಿಗೆ ಶಾಹು ಮಹಾರಾಜರೇ ಅಧ್ಯಕ್ಷರಾಗಿ ಬಂದರು. ಆದಕಾರಣ ಹಳೇ ಹುಬ್ಬಳ್ಳಿಯ ನಾವು ಅವರನ್ನು ನಮ್ಮ ಊರ ಅತಿಥಿಗಳೆಂದೇ ಎಣಿಸುತ್ತೇವೆ. 1922ನೆಯ ಇಸವಿ ಮೇ 6ನೆಯ ತಾರೀಖಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ 48 ವರುಷಗಳು ತುಂಬಿರಲಿಲ್ಲ.