ಘಂಟಸಾಲ: ಕನ್ನಡಿಗರ ಕಿವಿಯಲ್ಲಿ ಉಳಿದ ಆಂಧ್ರದ ಕಂಠ

ಕೊಂಡಪಲ್ಲಿಯ ಗೊಂಬೆ ಕೊಳ್ಳಲೆಂದು ವಿಜಯವಾಡಕ್ಕೆ ಹೋಗಿ ಬಂದ ಕನ್ನಡಿಗರು ಅನೇಕ. ಆ ಊರಿನ ಸರಕಾರಿ ಸಂಗೀತ ಕಾಲೇಜು ಯಾರ ಹೆಸರಿನಲ್ಲಿದೆ ಎಂದು ಗಮನಿಸಿದವರು ಕಡಿಮೆ. ಅದು ಘಂಟಸಾಲ ವೆಂಕಟೇಶ್ವರ ರಾವ್ ಅವರ ಹೆಸರು. ತೆಲುಗರ ಮನೆಮಾತಾದ ಇವರ ಕಂಠ ನಮಗೂ ಪರಕೀಯವಲ್ಲ.

1922ರ ಡಿಸೆಂಬರ್ 4ರಂದು ಕೃಷ್ಣಾ ಜಿಲ್ಲೆ ಗುಡಿವಾಡ ಬಳಿಯ ಚೌಟಪಲ್ಲಿಯಲ್ಲಿ ಜನನ. ತಂದೆ ಸೂರಯ್ಯನವರು ನಾರಾಯಣ ತೀರ್ಥರ ತರಂಗಗಳನ್ನು ಹಾಡುತ್ತಿದ್ದರು, ಮೃದಂಗವನ್ನೂ ಬಲ್ಲವರು. ತಂದೆ ಹಾಡಿದರೆ ಮಗ ಕುಣಿಯುತ್ತಿದ್ದ. ಮಗ ಸಂಗೀತ ಕಲಿಯಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಅವರು ತೀರಿಕೊಂಡರು. ಕಲಿಯಲೆಂದು ಹೋದ ಮನೆಗಳಲ್ಲಿ ಅವನಿಗೆ ದೊರೆತದ್ದು ಮನೆಗೆಲಸವೇ ಹೊರತು ಪಾಠವಲ್ಲ. ಕಡೆಗೆ ಬೆರಳಿನ ಚಿನ್ನದ ಉಂಗುರ ಮಾರಿ, ವಿಶಾಖಪಟ್ಟಣದಾಚೆಯ ವಿಜಯನಗರಂಗೆ ರೈಲು ಹತ್ತಿದ. ಅಲ್ಲಿನ ಮಹಾರಾಜರ ಸಂಗೀತ ಕಾಲೇಜಿಗೆ ಆಗ ಪಿಟೀಲು ವಿದ್ವಾಂಸ ದ್ವಾರಂ ವೆಂಕಟಸ್ವಾಮಿ ನಾಯ್ಡು ಪ್ರಾಂಶುಪಾಲರು. ಹುಡುಗ ತಲುಪಿದಾಗ ಕಾಲೇಜಿಗೆ ಬೇಸಿಗೆ ರಜೆ! ಆಮೇಲೆ ಪಟ್ರಾಯನಿ ಸೀತಾರಾಮ ಶಾಸ್ತ್ರಿಗಳು ಕಾಸು ಕೇಳದೆ ಪಾಠ ಹೇಳಿದರು. ಹೊಟ್ಟೆಪಾಡಿಗೆ ಮಧುಕರ, ಅಂದರೆ ಜೋಳಿಗೆ ಹಿಡಿದು ಮನೆ ಮನೆಯ ಮುಂದೆ ನಿಂತು ಅನ್ನ ಬೇಡುವುದು. ಹಾಗೆಯೇ ಕಲಿತು ಸಂಗೀತ ವಿದ್ವಾನ್ ಆಗಿ ಊರಿಗೆ ಮರಳಿದರು.

1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿದ ಘಂಟಸಾಲರನ್ನು ಸರಕಾರ ಬಂಧಿಸಿ ಇಟ್ಟದ್ದು ನಮ್ಮ ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿ. ಕನ್ನಡ ನೆಲದ ಅನ್ನ ಹೀಗೂ ಅವರ ಪಾಲಿಗೆ ಬಂದಿತ್ತು.

1944ರಲ್ಲಿ ಮದುವೆ. ಸಾಹಿತಿ ಸಮುದ್ರಾಲ ರಾಘವಾಚಾರ್ಯರ ಮಾತಿನಂತೆ ಮದ್ರಾಸಿಗೆ ಹೋದರು. ಅಲ್ಲಿ ಪಾನಗಲ್ ಪಾರ್ಕಿನಲ್ಲಿ ಮಲಗಿದ ದಿನಗಳೂ ಇದ್ದವು. ಕೋರಸ್‌ನಲ್ಲಿ ದನಿಗೂಡಿಸುವುದು, ಸಣ್ಣಪುಟ್ಟ ವೇಷ, ರೇಡಿಯೋ ಹಾಡು, ಹೀಗೆ ಶುರು. 1951ರ 'ಪಾತಾಳ ಭೈರವಿ' ಹೆಸರು ತಂದಿತು. 1957ರ 'ಮಾಯಾಬಜಾರ್'ನಲ್ಲಿ ಎಸ್. ರಾಜೇಶ್ವರ ರಾವ್ ನಾಲ್ಕು ಹಾಡುಗಳಿಗೆ ರಾಗ ಕೂಡಿಸಿ ಹೊರನಡೆದಾಗ, ಉಳಿದ ಹೊಣೆ ಹೊತ್ತವರು ಇವರೇ.

ಆದರೆ ಇವರ ನಿಜವಾದ ಸಾಧನೆ ಪದ್ಯ ಗಾಯನದಲ್ಲಿದೆ. ಪಾಶ್ಚಾತ್ಯರ ಒಪೆರಾದಲ್ಲಿ ಟೆನರ್ ಗಾಯಕನಿಗೆ ಇರುವ ಸ್ಥಾನ ನಮ್ಮ ಕಂಪೆನಿ ನಾಟಕಗಳಲ್ಲಿ ಪದ್ಯ ಹಾಡುವ ನಟನಿಗಿತ್ತು. ಒಂದು ಪದ್ಯಕ್ಕೆ ಗಂಟೆಗಟ್ಟಲೆ ಆಲಾಪ ಎಳೆದು, ಒನ್ಸ್‌ಮೋರ್ ಗಿಟ್ಟಿಸಿ, ಕಥೆಯನ್ನೇ ಮರೆಸುವುದೂ ಉಂಟು. ಘಂಟಸಾಲರು ಆ ಎಳೆತವನ್ನು ಕತ್ತರಿಸಿದರು. ರಾಗ ಇಟ್ಟುಕೊಂಡರು, ಆದರೆ ಮಾತು ಸ್ಪಷ್ಟವಾಗಿ ಕೇಳಬೇಕು, ಪಾತ್ರದ ನೋವು ತಿಳಿಯಬೇಕು. ಕರುಣಶ್ರೀ ಅವರ 'ಪುಷ್ಪವಿಲಾಪಂ' ಪದ್ಯಗಳ ರೆಕಾರ್ಡು ಕೇಳಿದವರಿಗೆ ಇದು ಗೊತ್ತು.

ಕನ್ನಡಿಗರಿಗೆ ಅವರು ಹತ್ತಿರವಾದದ್ದು 1965ರ 'ಸತ್ಯ ಹರಿಶ್ಚಂದ್ರ'ದಿಂದ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಪೆಂಡ್ಯಾಲ ನಾಗೇಶ್ವರ ರಾವ್ ಸಂಗೀತ. ಡಾ. ರಾಜ್‌ಕುಮಾರ್ ಅವರ ಹರಿಶ್ಚಂದ್ರ ಶಿವನನ್ನು ಮೊರೆಯಿಡುವಾಗಲೂ, ಎಂ.ಪಿ. ಶಂಕರ್ ಅವರ ವೀರಬಾಹು ಕುಲದ ಮೇಲು ಕೀಳನ್ನು ಪ್ರಶ್ನಿಸಿ ಕುಣಿಯುವಾಗಲೂ ಕೇಳುವುದು ಒಂದೇ ಕಂಠ. ರಾಜನಿಗೊಂದು ದನಿ, ಸ್ಮಶಾನದ ಒಡೆಯನಿಗೆ ಇನ್ನೊಂದು ಎಂಬಂತೆ ಹಾಡಿದ್ದಾರೆ. ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಇಂದಿಗೂ ಯಾರಾದರೊಬ್ಬರು ವೀರಬಾಹುವಿನ ಹಾಡಿಗೆ ಮೈಕ್ ಹಿಡಿಯುತ್ತಾರೆ. ಹಾಡಿದಾತ ಕನ್ನಡದವರಲ್ಲ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ. ರಾಜ್ ಅವರಿಗೆ ಆಗ ಹೆಚ್ಚಾಗಿ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್ ಕೂಡ ಕಾಕಿನಾಡದವರೇ ಅಲ್ಲವೇ!

1970ರಲ್ಲಿ ಪದ್ಮಶ್ರೀ ಬಂತು. 1971ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಕಛೇರಿ ನಡೆಸಿದರು. ಅಷ್ಟರಲ್ಲಿ ಆರೋಗ್ಯ ಕೆಡುತ್ತಿತ್ತು. ಆದರೂ ಭಗವದ್ಗೀತೆಯ ಶ್ಲೋಕಗಳನ್ನು ತೆಲುಗು ತಾತ್ಪರ್ಯದೊಂದಿಗೆ ಹಾಡಿ ಮುಗಿಸಿದರು. 1974ರ ಫೆಬ್ರವರಿ 11ರಂದು ಮದ್ರಾಸಿನ ಆಸ್ಪತ್ರೆಯಲ್ಲಿ ನಿಧನರಾದಾಗ ವಯಸ್ಸು 51 ಮಾತ್ರ. ಗೀತೆಯ ರೆಕಾರ್ಡು ಮಾರುಕಟ್ಟೆಗೆ ಬಂದಾಗ ಕೇಳಲು ಅವರಿರಲಿಲ್ಲ.