ಇರಾವತಿ ಕರ್ವೆ ಮತ್ತು ತುಂಬಿದ ಮನೆ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಅನೇಕ ಮನೆಗಳಲ್ಲಿ ಬಂಧುವಾಚಕಗಳ ಎರಡು ವ್ಯವಸ್ಥೆಗಳು ಏಕಕಾಲಕ್ಕೆ ಬಳಕೆಯಲ್ಲಿವೆ. ಕನ್ನಡದಲ್ಲಿ ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ; ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಮರಾಠಿಯಲ್ಲಿ ಆತ್ಯಾ ಬೇರೆ, ಸಾಸೂ ಬೇರೆ. ಭಾಚಾ ಬೇರೆ, ಜಾವಯಿ ಬೇರೆ. ಮರಾಠಿ ಶಾಲೆಯಿಂದ ಕನ್ನಡ ತರಗತಿಗೆ ಬಂದ ನನಗೆ ಇದು ಬಹುಕಾಲ ಕೇವಲ ಶಬ್ದಭೇದವಾಗಿ ತೋರಿತ್ತು. ಇದರ ಹಿಂದೆ ಮದುವೆಯ ಎರಡು ಪದ್ಧತಿಗಳಿವೆಯೆಂದು ನನಗೆ ತಿಳಿದದ್ದು ಪುಣೆಯ ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರನ್ನು ಓದಿದಾಗ.

ಅವರು ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾದಲ್ಲಿ. ತಂದೆ ಗಣೇಶ ಹರಿ ಕರಮರಕರ ಅಲ್ಲಿ ಇಂಜಿನಿಯರರಾಗಿದ್ದರು. ಆ ನಾಡಿನ ಮಹಾನದಿಯ ಹೆಸರೇ ಮಗಳಿಗೆ ಬಂದಿತು. ಏಳನೆಯ ವಯಸ್ಸಿಗೆ ಪುಣೆಯ ಹುಜೂರಪಾಗಾ ಶಾಲೆಗೆ ಬಂದ ಬಾಲಕಿ, ರ‍್ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ ಅವರ ಮಗಳು ಶಕುಂತಲೆಯ ಜೊತೆಗೆ ಬೆಳೆದಳು. ಕುಟುಂಬವನ್ನು ಕುರಿತು ಮುಂದೆ ಅಷ್ಟು ಬರೆದವರ ಬಾಲ್ಯ ಕಳೆದದ್ದು ಹೆತ್ತವರಿಂದ ದೂರದ ಮನೆಯಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದು, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಬಳಿ ಚಿತ್ಪಾವನರನ್ನು ಕುರಿತು ಪ್ರಬಂಧ ಬರೆದರು. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ, ರಸಾಯನಶಾಸ್ತ್ರಜ್ಞ ದಿನಕರರನ್ನು ವಿವಾಹವಾದರು. ಮಾವನವರು ತಾವೇ ವಿಧವೆಯನ್ನು ಮದುವೆಯಾದವರು, ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು. ಆದರೂ ಸೊಸೆ ಸಂಶೋಧನೆಗೆಂದು ಜರ್ಮನಿಗೆ ಹೊರಟಾಗ ಅವರ ಒಪ್ಪಿಗೆ ದೊರೆಯಲಿಲ್ಲ. ಸುಧಾರಕನ ಮನೆಯ ಹೊಸಿಲೂ ಹೊಸಿಲೇ. ದಿನಕರರು ಬೆಂಬಲವಾಗಿ ನಿಂತದ್ದರಿಂದ ಪ್ರಯಾಣ ನಡೆಯಿತು. ಬರ್ಲಿನ್ನಿನಲ್ಲಿ ಅವರ ಮಾರ್ಗದರ್ಶಕ ಓಯ್ಗೆನ್ ಫಿಷರ್, ಜನಾಂಗಗಳಲ್ಲಿ ಮೇಲುಕೀಳನ್ನು ಸಾಧಿಸಲು ಹೊರಟಿದ್ದ ಪಂಡಿತ. ತಲೆಬುರುಡೆಗಳನ್ನು ಅಳೆದ ಶಿಷ್ಯೆ, ಅವುಗಳ ಎಡಬಲದ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಬರೆದೇ ಡಾಕ್ಟರೇಟ್ ಪಡೆದರು.

1939ರಿಂದ ಪುಣೆಯ ಡೆಕ್ಕನ್ ಕಾಲೇಜು ಅವರ ಕಾರ್ಯಕ್ಷೇತ್ರವಾಯಿತು. ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಅವರ ಮಹಾಗ್ರಂಥ 1953ರಲ್ಲಿ ಹೊರಬಂದಿತು. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿ, ಕರ್ನಾಟಕವನ್ನು ದಕ್ಷಿಣದಲ್ಲಿಯೂ ಮಹಾರಾಷ್ಟ್ರವನ್ನು ಮಧ್ಯದಲ್ಲಿಯೂ ಇರಿಸಿದರು. ಉತ್ತರದಲ್ಲಿ ವಧು ಅಪರಿಚಿತರ ಮನೆಗೆ ಮುಸುಕಿನಲ್ಲಿ ಹೋಗುತ್ತಾಳೆ. ದಕ್ಷಿಣದಲ್ಲಿ ಸೋದರಮಾವನ, ಸೋದರತ್ತೆಯ ಮನೆಗೇ ಸೊಸೆಯಾಗಿ ಹೋಗಬಹುದು. ಅಕ್ಕನ ಮಗಳನ್ನು ತಮ್ಮ ವರಿಸುವುದೂ ಉಂಟು. ಆದ್ದರಿಂದಲೇ ಒಂದೇ ಅತ್ತೆ, ಒಬ್ಬನೇ ಅಳಿಯ. ಮಹಾರಾಷ್ಟ್ರ ನಡುವೆ ನಿಂತ ನಾಡು: ಅಲ್ಲಿನ ಅನೇಕ ಜಾತಿಗಳಲ್ಲಿ ಮಾಮನ ಮಗಳು ಸಲ್ಲುತ್ತಾಳೆ, ಆತ್ಯಾಳ ಮಗಳು ಸಾಮಾನ್ಯವಾಗಿ ಸಲ್ಲಳು, ಸೋದರಿಯ ಮಗಳ ಮಾತಂತೂ ಎತ್ತುವಂತಿಲ್ಲ. ಗಡಿನಾಡಿನ ಬೀಗರ ನಡುವೆ ಈ ವಿಷಯದಲ್ಲಿ ಹುಟ್ಟುವ ಇರಿಸುಮುರಿಸು ಕಂಡವರಿಗೆ ಆ ಪುಟಗಳು ಪರಿಚಿತವೆನಿಸುತ್ತವೆ.

ಇದೇ ಗ್ರಂಥದಲ್ಲಿ ಅವಿಭಕ್ತ ಕುಟುಂಬದ ಲಕ್ಷಣವೂ ಇದೆ: ಒಂದು ಸೂರು, ಒಂದು ಒಲೆ, ಸಮಾನ ಆಸ್ತಿ, ಸಮಾನ ಪೂಜೆ. ಈ ವ್ಯವಸ್ಥೆ ಮನುಷ್ಯನಿಗೆ ಆಸರೆ ನೀಡಿದೆ, ನಗರಗಳು ಬೆಳೆದರೂ ಅಳಿದುಹೋಗಿಲ್ಲ ಎಂಬುದು ಅವರ ನಿಲುವು. ಮಂಗಳಸೂತ್ರ ಧರಿಸದೆ, ಗಂಡನನ್ನು ಹೆಸರು ಹಿಡಿದು ಕರೆಯುತ್ತ, ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಮಹಿಳೆ ಶಾಸ್ತ್ರಗ್ರಂಥದಲ್ಲಿ ಹಳೆಯ ಮನೆಯ ಪರವಾಗಿ ನಿಂತರು. ಇದನ್ನು ನಾನು ಕಪಟವೆನ್ನಲಾರೆ. ತಾವು ಬಿಟ್ಟುಬಂದ ಮನೆಯ ಬೆಲೆಯನ್ನು ಅವರು ಬಲ್ಲವರಾಗಿದ್ದರು.

ಆಕ್ಷೇಪಗಳು ಬಂದವು, ಬಲವಾಗಿಯೇ ಬಂದವು. ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿದ ಐ. ಪಿ. ದೇಸಾಯಿಯವರು, ಒಲೆ ಬೇರೆಯಾದ ಮಾತ್ರಕ್ಕೆ ಕುಟುಂಬ ಒಡೆಯಿತೆಂದು ಹೇಳಲಾಗದು, ಆಸ್ತಿ ಮತ್ತು ಕರ್ತವ್ಯಗಳ ನಂಟು ದೂರದಲ್ಲಿಯೂ ಉಳಿಯುತ್ತದೆಯೆಂದು ತೋರಿಸಿದರು. ಎ. ಎಂ. ಶಾಹರು ಇನ್ನೂ ಮುಂದೆ ಹೋದರು. ಖೇಡಾ ಜಿಲ್ಲೆಯ ರಾಧವಾಣಜ ಗ್ರಾಮದ 1825ರ ಜನಗಣತಿಯನ್ನು ತೆಗೆದು ನೋಡಿದರೆ ಆ ಕಾಲದಲ್ಲಿಯೇ ಸಣ್ಣ ಮನೆಗಳು ಬಹಳ. ಧರ್ಮಶಾಸ್ತ್ರಗಳ ಆಸ್ತಿಹಕ್ಕಿನ ಕುಟುಂಬವನ್ನೂ ಜನ ವಾಸಿಸುವ ಮನೆಯನ್ನೂ ಒಂದೆಂದು ಭಾವಿಸಿದ ಕಾರಣ, ಹಿಂದೆ ಎಲ್ಲರೂ ಕೂಡಿ ಬಾಳುತ್ತಿದ್ದರು, ಈಗ ಒಡೆದರು ಎಂಬ ಕಥೆ ಹುಟ್ಟಿತೆಂಬುದು ಅವರ ವಾದ. ಗ್ರಂಥಗಳ ಸಾಕ್ಷ್ಯವನ್ನು ಇರಾವತಿಯವರು ಅತಿಯಾಗಿ ನೆಚ್ಚಿದರೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅವರು ಗ್ರಂಥಾಲಯದಲ್ಲಿ ಮಾತ್ರ ಕುಳಿತವರಲ್ಲ. ಪಂಢರಪುರದ ವಾರಿಯಲ್ಲಿ ನಡೆದರು. ಕೊನೆಯ ವರ್ಷಗಳಲ್ಲಿ ಕೊಯ್ನಾ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಸಮೀಕ್ಷೆ ನಡೆಸಿ, ಮಗಳು ಜಾಯಿ ನಿಂಬಕರರೊಡನೆ 1969ರಲ್ಲಿ ವರದಿ ಪ್ರಕಟಿಸಿದರು.

ವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಕೃತಿಯಿದೆ. ಮಹಾಭಾರತದ ಪಾತ್ರಗಳನ್ನು ಕುರಿತ ಮರಾಠಿಯ ‘ಯುಗಾಂತ’, 1968ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅಲ್ಲಿ ಗಾಂಧಾರಿ ಪಾತಿವ್ರತ್ಯದ ಮೂರ್ತಿಯಲ್ಲ. ದೂರದ ನಾಡಿನಿಂದ ಬಂದು, ವರ ಕುರುಡನೆಂದು ಅರಿತು ಮೋಸಹೋದ ಹುಡುಗಿ. ಬಂಧುತ್ವದ ಗ್ರಂಥದಲ್ಲಿ ಉತ್ತರವಲಯದ ವಿವಾಹಪದ್ಧತಿಯಾಗಿ ದಾಖಲಾದದ್ದು ಇಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದೆ. ಸಮಾಜಶಾಸ್ತ್ರಜ್ಞೆಯ ಅತ್ಯಂತ ಕಠಿಣ ವಿಮರ್ಶಕಿ ಅವರೊಳಗಿನ ಲೇಖಕಿಯೇ ಎಂದು ನನಗೆ ಅನೇಕ ಸಲ ಅನಿಸಿದೆ.

ಯುಗಾಂತ ಪ್ರಕಟವಾದ ಮೂರು ವರ್ಷಗಳಿಗೆ, 1970ರ ಆಗಸ್ಟ್ 11ರಂದು, ಇರಾವತಿಯವರು ತೀರಿಕೊಂಡರು. ಆಗ ಅವರಿಗೆ 64 ವರ್ಷ.