ನೌಕಾಧಿಪತಿ ಎಡ್ವರ್ಡ್ ಹ್ಯೂಸ್

ಕೃಷ್ಣಗಿರಿಯ ಬೆಟ್ಟದ ಮೇಲಿನ ಕೋಟೆಯನ್ನು ನೀವು ನೋಡಿದ್ದೀರಲ್ಲವೆ? 1780ರಲ್ಲಿ ಅದು ಮೈಸೂರಿನ ಹೈದರಾಲಿಯ ವಶದಲ್ಲಿತ್ತು. ನೆಲದ ಮೇಲೆ ಇಂಗ್ಲಿಷರು ಅವನಿಗೆ ಅಂಜುತ್ತಿದ್ದರು. ಕಡಲಿನಲ್ಲಿ ಅವನನ್ನು ತಡೆದವನು ಎಡ್ವರ್ಡ್ ಹ್ಯೂಸ್.

ಹ್ಯೂಸನು ಸುಮಾರು 1720ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. 1735ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ನೌಕಾಪಡೆಯನ್ನು ಸೇರಿದನು. ಮುಂದೆ ಭಾರತದ ಕಡಲಿನಲ್ಲಿದ್ದ ಇಂಗ್ಲಿಷ್ ನೌಕಾಪಡೆಗೆ ಅಧಿಪತಿಯಾದನು.

ಹೈದರಾಲಿಯು ಮಂಗಳೂರಿನಲ್ಲಿ ಯುದ್ಧದ ಹಡಗುಗಳನ್ನು ಕಟ್ಟಿಸುತ್ತಿದ್ದನು. 1780ರ ಡಿಸೆಂಬರಿನಲ್ಲಿ ಹ್ಯೂಸನು ಅಲ್ಲಿಗೆ ನುಗ್ಗಿ ಹಡಗುಗಳನ್ನು ನಾಶಮಾಡಿದನು. ಹೈದರಾಲಿಯ ಕಡಲ ಕನಸು ನೀರುಪಾಲಾಯಿತು.

1782ರಲ್ಲಿ ಹೈದರಾಲಿಯ ನೆರವಿಗೆ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಬಂದನು. ಅವನು ಬಲು ಚುರುಕು. ಹ್ಯೂಸನು ನಿಧಾನಿ, ಆದರೆ ಗಟ್ಟಿಗ. ಶ್ರೀಲಂಕೆಯ ತ್ರಿಕೋಣಮಲೆ ಬಂದರನ್ನು ಹ್ಯೂಸನು ಆ ವರ್ಷದ ಜನವರಿಯಲ್ಲಿ ಗೆದ್ದಿದ್ದನು. ಸೆಪ್ಟೆಂಬರಿನಲ್ಲಿ ಮದರಾಸಿನಿಂದ ಅಲ್ಲಿಗೆ ಹೋಗಿ ನೋಡಿದರೆ, ಕೋಟೆಯ ಮೇಲೆ ಫ್ರೆಂಚರ ಬಾವುಟ ಹಾರಾಡುತ್ತಿತ್ತು!

ಇಬ್ಬರೂ ಒಟ್ಟು ಐದು ಬಾರಿ ಕಾದಾಡಿದರು. ಇವುಗಳಲ್ಲಿ ಮೂರು ಕದನಗಳು ನಮ್ಮ ತಮಿಳುನಾಡಿನ ಸದ್ರಾಸ್, ನಾಗಪಟ್ಟಣ ಮತ್ತು ಕಡಲೂರುಗಳ ಬಳಿ ನಡೆದವು. ಹಾಯಿಕಂಬಗಳು ಮುರಿದವು. ನೂರಾರು ನಾವಿಕರು ಸತ್ತರು. ಆದರೂ ಈ ಐದು ಕದನಗಳಲ್ಲಿ ಒಬ್ಬರ ಯುದ್ಧದ ಹಡಗನ್ನು ಇನ್ನೊಬ್ಬರು ಹಿಡಿಯಲಾಗಲಿಲ್ಲ.

ಕೊನೆಯ ಕದನ ನಡೆದದ್ದು 1783ರ ಜೂನ್ 20ರಂದು, ಕಡಲೂರಿನ ಬಳಿ. ಅಷ್ಟರಲ್ಲಿ ಹೈದರಾಲಿಯು ತೀರಿಕೊಂಡಿದ್ದನು. ಯುದ್ಧ ನಿಲ್ಲಿಸಲು ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು ಒಪ್ಪಿ ಆಗಲೇ ಐದು ತಿಂಗಳಾಗಿತ್ತು! ಆ ಕಾಲದಲ್ಲಿ ತಂತಿಯಿಲ್ಲ, ಟೆಲಿಫೋನಿಲ್ಲ. ಸುದ್ದಿಯೂ ಹಡಗಿನಲ್ಲೇ ಬರಬೇಕು. ಅದು ಬಂದದ್ದು ಕದನ ಮುಗಿದ ಕೆಲವು ದಿನಗಳ ಮೇಲೆ. ಪಾಪ, ಸತ್ತ ನಾವಿಕರಿಗೆ ಅದು ತಿಳಿಯಲೇ ಇಲ್ಲ.

ಹ್ಯೂಸನು ಇಂಗ್ಲೆಂಡಿಗೆ ಮರಳಿ, 1794ರಲ್ಲಿ ಅಲ್ಲಿಯೇ ನಿಧನನಾದನು.